ಕೊಳ್ಳದವರ ನಡುವೆ ಮಾರುವುದು: ಆನ್‌ಲೈನ್ ಗುಂಪುಗಳಲ್ಲಿ ವ್ಯಾಪಾರಕ್ಕೆ ಹೊರಟವರಿಗೆ

ಮುಂಬಯಿ ಬಳಿಯ ಡೊಂಬಿವಲಿಯ ಕನ್ನಡಿಗರ ವಾಟ್ಸಾಪ್ ಗುಂಪೊಂದಕ್ಕೆ ನಾನು ಏಳು ವರ್ಷಗಳಿಂದ ಅಡ್ಮಿನ್ ಆಗಿದ್ದೇನೆ; ಅದೇ ಗುಂಪಿನಲ್ಲಿ ಪ್ರತಿ ಬೇಸಗೆಯಲ್ಲೂ ಊರಿನಿಂದ ಅತ್ತಿಗೆ ಕಳುಹಿಸಿಕೊಡುವ ಹಲಸಿನ ಹಪ್ಪಳವನ್ನೂ ಸಾರಿನ ಪುಡಿಯನ್ನೂ ಮಾರುತ್ತೇನೆ. ಹೀಗಾಗಿ ಜಾಹೀರಾತು ಹಾಕುವವನ ಆಸೆಯೂ ಅದನ್ನು ಅಳಿಸಬೇಕಾಗಿ ಬಂದವನ ಬೇಸರವೂ ನನಗೆ ಗೊತ್ತು. ಗುಂಪಿನಲ್ಲಿ ಸುಮಾರು 300 ಜನರಿದ್ದಾರೆ. ವ್ಯಾಪಾರ ಚೆನ್ನಾಗಿ ನಡೆದ ವರ್ಷವೂ 40ಕ್ಕಿಂತ ಹೆಚ್ಚು ಜನ ಹಪ್ಪಳ ಕೊಂಡದ್ದಿಲ್ಲ. ಉಳಿದ 260 ಜನರಿಗೆ ನನ್ನ ಹಪ್ಪಳ ಬೇಡ, ಆದರೂ ಅದರ ಫೋಟೋ ಅವರ ಫೋನಿಗೆ ಬಂದು ಕೂರುತ್ತದೆ. ಆನ್‌ಲೈನ್ ಸಮುದಾಯದಲ್ಲಿ ಮಾರುವುದರ ಕಷ್ಟವೆಲ್ಲ ಈ ಲೆಕ್ಕದಲ್ಲೇ ಅಡಗಿದೆ. ಅಂಗಡಿಯ ಮುಂದೆ ಹಾದುಹೋಗುವವನು ಬೇಡವೆನಿಸಿದರೆ ಒಳಗೆ ಕಾಲಿಡುವುದಿಲ್ಲ. ಗುಂಪಿನಲ್ಲಾದರೆ ನಾವೇ ಅವನ ಮನೆಯ ಜಗಲಿಗೆ ಹೋಗಿ ಗಂಟು ಬಿಚ್ಚುತ್ತೇವೆ. ಆದ್ದರಿಂದ ಸಂದೇಶ ಬರೆಯುವಾಗಲೂ ಅದನ್ನು ಹಾಕುವ ಹೊತ್ತನ್ನು ಆರಿಸುವಾಗಲೂ ದೂರಿಗೆ ಉತ್ತರಿಸುವಾಗಲೂ ಕೊಳ್ಳುವ 40 ಜನರಿಗಿಂತ ಹೆಚ್ಚಾಗಿ, ಕೊಳ್ಳದೆ ಸುಮ್ಮನೆ ಸಹಿಸಿಕೊಳ್ಳುವ 260 ಜನರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ನಾನು ತಡವಾಗಿ ಕಲಿತೆ. ಮುಂದೆ ಹೇಳುವುದೆಲ್ಲ ಆ ಒಂದು ಲೆಕ್ಕದಿಂದ ಹುಟ್ಟಿದ್ದು.

ಯಾವ ಗುಂಪಿನಲ್ಲಿ ಮಾರಬೇಕು, ಯಾವುದರಲ್ಲಿ ಬಾಯಿ ಬಿಡಬಾರದು

ಮುಂಬಯಿಯ ಕನ್ನಡಿಗರ ಫೋನಿನಲ್ಲಿ ಐದಾರು ಗುಂಪುಗಳಾದರೂ ಇರುತ್ತವೆ: ಉಪನಗರದ ಕನ್ನಡ ಸಂಘದ್ದು, ಜಾತಿ ಸಂಘಟನೆಯದ್ದು, ಊರಿನ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯದ್ದು, ಯಕ್ಷಗಾನ ಪ್ರಿಯರದ್ದು, ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಒಟ್ಟಿಗೆ ಓದಿದವರದ್ದು, ವಾಸವಿರುವ ಸೊಸೈಟಿಯದ್ದು. ಎಲ್ಲದರಲ್ಲೂ ಒಂದೇ ಸಂದೇಶ ಹಾಕಿಬಿಡುವುದು ಹೊಸಬರು ಮಾಡುವ ಮೊದಲ ತಪ್ಪು. ಜೀರ್ಣೋದ್ಧಾರ ಸಮಿತಿಯ ಗುಂಪಿನಲ್ಲಿ ಜನರು ತಮ್ಮ ಕೈಯಿಂದ ದೇಣಿಗೆ ಕೊಟ್ಟು ಕುಳಿತಿರುತ್ತಾರೆ. ಅಲ್ಲಿ ಹಪ್ಪಳ ಮಾರಿದರೆ ಹುಂಡಿಯ ಪಕ್ಕದಲ್ಲಿ ಅಂಗಡಿ ಇಟ್ಟಂತೆ ಕಾಣುತ್ತದೆ. ಸೊಸೈಟಿಯ ಗುಂಪು ನೀರು ಬರುವ ಹೊತ್ತು, ಲಿಫ್ಟ್ ಕೆಟ್ಟ ಸುದ್ದಿ, ಪಾರ್ಕಿಂಗ್ ಜಗಳಗಳಿಗೆಂದು ಇರುವಂಥದ್ದು. ಅಲ್ಲಿ ಮರಾಠಿ, ಗುಜರಾತಿ ನೆರೆಹೊರೆಯವರೇ ಹೆಚ್ಚು, ಕಾರ್ಯದರ್ಶಿಯ ಒಪ್ಪಿಗೆ ಬೇಕು, ಸಂದೇಶವನ್ನೂ ಮರಾಠಿಯಲ್ಲಿ ಬರೆಯಬೇಕು.

ಗುಂಪು ದೊಡ್ಡದಾದಷ್ಟೂ ವ್ಯಾಪಾರ ದೊಡ್ಡದು ಎಂಬ ಎಣಿಕೆಯೂ ಸರಿಯಲ್ಲ. ವಾಟ್ಸಾಪ್ ಗುಂಪೊಂದರಲ್ಲಿ 1024 ಜನರಿಗೆ ಜಾಗವಿದೆ, ಟೆಲಿಗ್ರಾಮಿನಲ್ಲಿ 2 ಲಕ್ಷದವರೆಗೆ ಸೇರಿಸಬಹುದು. ಫೇಸ್‌ಬುಕ್ಕಿನ ಅಡುಗೆ ಗುಂಪುಗಳಲ್ಲಂತೂ ಲೆಕ್ಕವೇ ಇಲ್ಲ. ಆದರೆ ಅಲ್ಲಿರುವವರಿಗೆ ನಿಮ್ಮ ಮುಖ ಗೊತ್ತಿಲ್ಲ, ನಿಮಗೆ ಅವರ ಬಾಗಿಲು ಗೊತ್ತಿಲ್ಲ. ಸಂಘದ ವಾರ್ಷಿಕೋತ್ಸವದಲ್ಲಿ ಕುರ್ಚಿ ಜೋಡಿಸಿದವನೆಂದು ನನ್ನನ್ನು ನೂರು ಜನ ಗುರುತಿಸುವ ಗುಂಪಿನಲ್ಲಿ ಮಾರಾಟವಾಗುವಷ್ಟು ಹಪ್ಪಳ, ಸಾವಿರಾರು ಅಪರಿಚಿತರಿರುವ ಗುಂಪಿನಲ್ಲಿ ನನಗೆ ಎಂದೂ ಮಾರಾಟವಾಗಿಲ್ಲ. ನಿಮಗೆ ವ್ಯಾಪಾರವಲ್ಲದ ಯಾವುದೋ ಕಾರಣಕ್ಕೆ ನೀವು ಸೇರಿದ್ದ ಗುಂಪೇ ವ್ಯಾಪಾರಕ್ಕೆ ತಕ್ಕ ಗುಂಪು.

ಸೇರಿದ ವಾರದಲ್ಲೇ ಗಂಟು ಬಿಚ್ಚಬಾರದು. ಮೊದಲು ಕೆಲವು ತಿಂಗಳು ಬರಿಯ ಸದಸ್ಯರಾಗಿರಿ. ಇದರರ್ಥ ಪ್ರತಿದಿನ ‘ಶುಭೋದಯ’ದ ಚಿತ್ರ ಕಳುಹಿಸುವುದಲ್ಲ. ನಾಗರಪಂಚಮಿಗೆ ಅರಿಶಿನದ ಎಲೆ ಎಲ್ಲಿ ಸಿಗುತ್ತದೆ ಎಂದು ಯಾರೋ ಕೇಳಿದಾಗ ಮಾಟುಂಗ ಮಾರುಕಟ್ಟೆಯಲ್ಲಿ ಕೇಳಿ ನೋಡಿ ಎಂದು ಹೇಳುವುದು, ಮತ್ಸ್ಯಗಂಧಾ ರೈಲಿನಲ್ಲಿ ಮುದುಕರೊಬ್ಬರು ಒಂಟಿಯಾಗಿ ಊರಿಗೆ ಹೊರಟಿದ್ದಾರೆಂದರೆ ಅದೇ ದಿನ ಹೋಗುವ ಪರಿಚಿತರನ್ನು ಜೊತೆ ಮಾಡಿಕೊಡುವುದು, ರಕ್ತ ಬೇಕಾದಾಗ ಫೋನು ಮಾಡಿ ವಿಚಾರಿಸುವುದು, ಇಂಥವೇ ಸದಸ್ಯತನ. ಹೀಗೆ ಹೆಸರು ಪರಿಚಿತವಾದ ಮೇಲೆ ಹಾಕಿದ ಜಾಹೀರಾತನ್ನು ಬೇಡವೆನ್ನುವವರೂ ಸಹಿಸಿಕೊಳ್ಳುತ್ತಾರೆ.

ಅಡ್ಮಿನ್‌ನನ್ನು ಮೊದಲೇ ಕೇಳಿ, ಗುಂಪಿನಲ್ಲಲ್ಲ, ಪ್ರತ್ಯೇಕವಾಗಿ. ‘ಹಾಕಬಹುದೇ’ ಎಂದಷ್ಟೇ ಕೇಳಿದರೆ ಸಂಕೋಚಕ್ಕೆ ‘ಆಯಿತು’ ಎನ್ನುತ್ತಾರೆ, ಆಮೇಲೆ ಮುಖ ಗಂಟಿಕ್ಕುತ್ತಾರೆ. ಯಾವ ವಾರ, ಎಷ್ಟು ಸಲ, ಎಷ್ಟು ಫೋಟೋ ಎಂದು ನೀವೇ ಮಿತಿ ಹೇಳಿ ಒಪ್ಪಿಗೆ ಪಡೆಯಿರಿ. ಅಡ್ಮಿನ್‌ಗಳಿಗೂ ಅವರದೇ ಅಂಜಿಕೆಗಳಿವೆ. ಗುಂಪಿನಲ್ಲಿ ಯಾರೋ ಏನೋ ಹಾಕಿದರೆ ಪೊಲೀಸರು ನಮ್ಮನ್ನು ಹಿಡಿಯುತ್ತಾರೆಂಬ ಮಾತು ನಮ್ಮೊಳಗೆ ಬಹಳ ಕಾಲ ಓಡಾಡಿತ್ತು. ಸದಸ್ಯನೊಬ್ಬ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ, ಸಮಾನ ಉದ್ದೇಶವಿತ್ತೆಂದು ತೋರಿಸದ ಹೊರತು, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಹೊಣೆಯಾಗಿಸಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠವು 2021ರಲ್ಲಿ ಹೇಳಿದ ಮೇಲೆ ಆ ಅಂಜಿಕೆ ಸ್ವಲ್ಪ ತಗ್ಗಿತು. ಜಾಹೀರಾತಿನ ಅಂಜಿಕೆ ಮಾತ್ರ ತಗ್ಗಿಲ್ಲ, ಏಕೆಂದರೆ ಒಬ್ಬನಿಗೆ ಬಿಟ್ಟರೆ ಮರುದಿನ ಸೀರೆಯವರು, ಮೂರನೆಯ ದಿನ ವಿಮೆಯವರು, ನಾಲ್ಕನೆಯ ದಿನ ಪನ್‌ವೇಲಿನಲ್ಲಿ ನಿವೇಶನ ಮಾರುವವರು ಬರುತ್ತಾರೆ. ಅಡ್ಮಿನ್‌ಗಳು ಮಾತ್ರ ಬರೆಯಬಹುದಾದ ವ್ಯವಸ್ಥೆಯನ್ನು ವಾಟ್ಸಾಪ್ 2018ರಲ್ಲಿ ಕೊಟ್ಟಿತು. ಬೇಸತ್ತ ಅಡ್ಮಿನ್ ಆ ಗುಂಡಿ ಒತ್ತಿದ ಕ್ಷಣಕ್ಕೆ ಮಾರುವವರ ಜೊತೆಗೆ ಉಳಿದ ಮುನ್ನೂರು ಜನರ ಬಾಯಿಯೂ ಮುಚ್ಚುತ್ತದೆ. ನಮ್ಮ ಗುಂಪಿನಲ್ಲಿ ಹೀಗೆ ಎರಡು ತಿಂಗಳು ನಡೆದಿದೆ. ಆ ಮೌನಕ್ಕೆ ಕಾರಣರಾದ ಸೀರೆಯವರಿಗೆ ಆಮೇಲೆ ಒಂದು ಸೀರೆಯೂ ಮಾರಾಟವಾಗಲಿಲ್ಲ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಹಿಂದೆ ಯಾರಾದರೂ ಗುಂಪು ಬಿಟ್ಟರೆ ಆ ಸಾಲು ಎಲ್ಲರಿಗೂ ಕಾಣುತ್ತಿತ್ತು. 2022ರಿಂದ ಈಚೆಗೆ ಬಿಟ್ಟುಹೋಗುವವರ ಸೂಚನೆ ಅಡ್ಮಿನ್‌ಗಳಿಗೆ ಮಾತ್ರ ಬರುತ್ತದೆ. ನಿಮ್ಮ ಮೂರನೆಯ ಜಾಹೀರಾತು ಬಂದ ರಾತ್ರಿ ನಾಲ್ಕು ಜನ ಸದ್ದಿಲ್ಲದೆ ಎದ್ದು ಹೋದದ್ದು ನಿಮಗೆ ತಾನಾಗಿ ತಿಳಿಯುವುದಿಲ್ಲ. ನಿಮಗೆ ಕಾಣುವುದು ಮೂರು ಹೆಬ್ಬೆರಳ ಚಿತ್ರ ಮಾತ್ರ. ಇನ್ನೂ ಎಷ್ಟೋ ಜನ ಗುಂಪನ್ನು ಮ್ಯೂಟ್ ಮಾಡಿ ಅಲ್ಲೇ ಉಳಿಯುತ್ತಾರೆ, ಅದು ಅಡ್ಮಿನ್‌ಗೂ ಗೊತ್ತಾಗುವುದಿಲ್ಲ. ಆದ್ದರಿಂದ ಯಾರೂ ಆಕ್ಷೇಪಿಸಲಿಲ್ಲ ಎಂಬುದನ್ನು ಒಪ್ಪಿಗೆಯೆಂದು ತಿಳಿಯಬೇಡಿ.

ಹೊತ್ತು

ನಾಲ್ಕು ವರ್ಷಗಳ ಹಿಂದೆ ಮೇ ತಿಂಗಳ ಒಂದು ಬೆಳಗ್ಗೆ, ಹಿಂದಿನ ರಾತ್ರಿಯೇ ಬರೆದಿಟ್ಟಿದ್ದ ಹಪ್ಪಳದ ಸಂದೇಶವನ್ನು ಆರೂವರೆಯ ಲೋಕಲ್ ಹತ್ತುವ ಗಡಿಬಿಡಿಯಲ್ಲಿ ಗುಂಪಿಗೆ ಹಾಕಿ ಫೋನನ್ನು ಜೇಬಿಗೆ ಸೇರಿಸಿದೆ. ದಾದರಿನಲ್ಲಿ ಇಳಿದು ನೋಡಿದಾಗ, ಸಂಘಕ್ಕಾಗಿ ನಲವತ್ತು ವರ್ಷ ದುಡಿದ ಹಿರಿಯರೊಬ್ಬರು ಆ ನಸುಕಿನಲ್ಲಿ ತೀರಿಕೊಂಡ ಸುದ್ದಿಯ ನೇರ ಕೆಳಗೆ ನನ್ನ ಹಪ್ಪಳದ ಕಟ್ಟುಗಳ ಫೋಟೋ ನಗುತ್ತ ಕುಳಿತಿತ್ತು. ಅದರ ಕೆಳಗೆ ‘ಓಂ ಶಾಂತಿ’, ‘ಸದ್ಗತಿ ದೊರೆಯಲಿ’ ಎಂಬ ಸಾಲುಗಳು, ನನ್ನ ಹಪ್ಪಳಕ್ಕೇ ಹೇಳಿದಂತೆ. ಯಾರೂ ಒಂದು ಮಾತೂ ಆಡಲಿಲ್ಲ. ಅಳಿಸಿ ಕ್ಷಮೆ ಕೇಳಿದೆ. ಆ ವರ್ಷ ಗುಂಪಿನಲ್ಲಿ ಮತ್ತೆ ಹಪ್ಪಳದ ಮಾತೆತ್ತುವ ಧೈರ್ಯ ಬರಲಿಲ್ಲ. ಅಂದಿನಿಂದ ಏನನ್ನೇ ಹಾಕುವ ಮೊದಲು ಗುಂಪಿನ ಕೊನೆಯ ಇಪ್ಪತ್ತು ಸಂದೇಶಗಳನ್ನು ಓದುತ್ತೇನೆ. ಸಾವು, ಆಸ್ಪತ್ರೆ, ಜಗಳ ಈ ಮೂರರಲ್ಲಿ ಯಾವುದಿದ್ದರೂ ಎರಡು ದಿನ ಕಾಯುತ್ತೇನೆ.

ಉಳಿದಂತೆ ಬೆಳಗಿನ ಲೋಕಲ್‌ಗಳ ಹೊತ್ತಿಗೆ ಹಾಕಿದ್ದು ಶುಭಾಶಯಗಳ ರಾಶಿಯಲ್ಲಿ ಮುಳುಗುತ್ತದೆ. ರಾತ್ರಿ ಊಟ ಮುಗಿದ ಮೇಲೆ ಒಂಬತ್ತೂವರೆಯ ಸುಮಾರಿಗೆ ಹಾಕಿದ್ದನ್ನು ಮನೆಯವರು ಒಟ್ಟಿಗೆ ಕುಳಿತು ಓದುತ್ತಾರೆ. ಚೌತಿ, ನವರಾತ್ರಿಗಳಲ್ಲಿ ಸಂಘದ ಕಾರ್ಯಕ್ರಮಗಳ ಸುದ್ದಿಯೇ ತುಂಬಿರುವುದರಿಂದ ಆಗ ಬೇಡ. ಒಂದು ಋತುವಿಗೆ ಎರಡು ಸಂದೇಶ ಸಾಕು: ಬೇಡಿಕೆ ತೆಗೆದುಕೊಳ್ಳಲು ಆರಂಭಿಸಿದಾಗ ಒಂದು, ಮುಗಿಸುವ ಮುನ್ನ ಒಂದು.

ಸಂದೇಶವನ್ನು ಬರೆಯುವ ಬಗೆ

ನಾನು ಅಡ್ಮಿನ್ ಆಗಿ ಅತಿ ಹೆಚ್ಚು ಕಂಡಿರುವ ಸಂದೇಶದ ಮಾದರಿ ಇದು: ‘ಎಲ್ಲರಿಗೂ ನಮಸ್ಕಾರ! ಊರಿನ ಶುದ್ಧ, ನೈಸರ್ಗಿಕ, ಆರೋಗ್ಯಕರ, ಅತ್ಯುತ್ತಮ ಗುಣಮಟ್ಟದ ಹಲಸಿನ ಹಪ್ಪಳ ಲಭ್ಯವಿದೆ. ಸ್ಟಾಕ್ ಸೀಮಿತ. ಬೆಲೆಗಾಗಿ ಪರ್ಸನಲ್ ಮೆಸೇಜ್ ಮಾಡಿ. ನಿಮ್ಮ ಎಲ್ಲ ಗುಂಪುಗಳಿಗೂ ಕಳುಹಿಸಿ.’ ಇದರಲ್ಲಿ ಓದುಗನಿಗೆ ತಿಳಿದದ್ದು ಹಪ್ಪಳ ಇದೆ ಎಂಬುದೊಂದೇ. ಶುದ್ಧವಲ್ಲದ್ದು ಎಂದು ಯಾರೂ ಹೇಳಿಕೊಂಡು ಮಾರುವುದಿಲ್ಲವಾದ್ದರಿಂದ ಆ ನಾಲ್ಕು ವಿಶೇಷಣಗಳಿಗೆ ಬೆಲೆಯಿಲ್ಲ. ದರವನ್ನು ಮುಚ್ಚಿಟ್ಟರೆ ಒಬ್ಬೊಬ್ಬರಿಗೆ ಒಂದೊಂದು ದರ ಹೇಳುತ್ತಾರೆಂಬ ಗುಮಾನಿ ಹುಟ್ಟುತ್ತದೆ; ಕೇಳಿದ ಮೇಲೆ ಬೇಡವೆನ್ನಲು ಸಂಕೋಚವಾಗುವುದರಿಂದ ಅರ್ಧ ಜನ ಕೇಳುವುದೇ ಇಲ್ಲ. ಎಲ್ಲ ಗುಂಪುಗಳಿಗೂ ಕಳುಹಿಸಿ ಎಂದದ್ದರ ಫಲವನ್ನು ನಾನೇ ಉಂಡಿದ್ದೇನೆ. ದಿನಾಂಕವಿಲ್ಲದ ನನ್ನ ಮೇ ತಿಂಗಳ ಸಂದೇಶ ಎಲ್ಲೆಲ್ಲೋ ಸುತ್ತಿ, ಸೆಪ್ಟೆಂಬರಿನಲ್ಲಿ ನಾಲಾಸೋಪಾರದಿಂದ ಅಪರಿಚಿತರೊಬ್ಬರು ಫೋನು ಮಾಡಿ ಹತ್ತು ಕಟ್ಟು ಕೇಳಿದರು. ಮುಗಿದು ಮೂರು ತಿಂಗಳಾಯಿತೆಂದರೆ ನಂಬಲಿಲ್ಲ.

ಆಮೇಲೆ ನಾನು ಬರೆಯತೊಡಗಿದ್ದು ಹೀಗೆ: ‘ಈ ಸಲದ ಹಲಸಿನ ಹಪ್ಪಳ ಬಂದಿದೆ. 50ರ ಕಟ್ಟಿಗೆ 280 ರೂಪಾಯಿ. ಉಡುಪಿ ಹತ್ತಿರದ ನಮ್ಮ ಮನೆಯಲ್ಲಿ ಅತ್ತಿಗೆ ಮಾಡಿದ್ದು. ಹಲಸಿನ ಸೊಳೆ, ಒಣಮೆಣಸಿನಕಾಯಿ, ಜೀರಿಗೆ, ಉಪ್ಪು ಬಿಟ್ಟು ಬೇರೇನೂ ಇಲ್ಲ. ಈ ಬಾರಿ ಖಾರ ತುಸು ಹೆಚ್ಚಾಗಿದೆ, ಮಕ್ಕಳಿರುವ ಮನೆಯವರು ಯೋಚಿಸಿ ತೆಗೆದುಕೊಳ್ಳಿ. ಒಟ್ಟು 60 ಕಟ್ಟುಗಳಿವೆ. ಶನಿವಾರ ಸಂಜೆ 6ರಿಂದ 8ರವರೆಗೆ ನಮ್ಮ ಮನೆಯಲ್ಲಿ ಕೊಡುತ್ತೇನೆ. ಬೇಕಾದವರು ಗುರುವಾರದೊಳಗೆ ನನಗೆ ಪ್ರತ್ಯೇಕವಾಗಿ ತಿಳಿಸಿ, ಗುಂಪಿನಲ್ಲಿ ಉತ್ತರಿಸುವುದು ಬೇಡ. ಇದರ ಬಗ್ಗೆ ಇಲ್ಲಿ ಇನ್ನೊಂದೇ ಸಲ, ಬುಧವಾರ ಬರೆಯುತ್ತೇನೆ.’ ಕೊನೆಯಲ್ಲಿ ತಾರೀಖು. ಫೋಟೋ ಒಂದೇ, ಕರಿದ ಹಪ್ಪಳದ್ದಲ್ಲ, ಕೊಡುವ ಕಟ್ಟಿನದ್ದು.

ಖಾರ ಹೆಚ್ಚಾಗಿದೆ ಎಂಬ ಸಾಲನ್ನು ತೆಗೆದುಬಿಡಿ ಎಂದು ಮನೆಯಲ್ಲಿ ಹೇಳಿದ್ದರು. ಆದರೆ ಆ ವರ್ಷ ಜನರು ನೆನಪಿಟ್ಟುಕೊಂಡದ್ದು ಆ ಸಾಲನ್ನೇ. ಕೊರತೆಯನ್ನು ಮಾರುವವನೇ ಮೊದಲು ಹೇಳಿದರೆ ಉಳಿದ ಮಾತುಗಳೂ ನಿಜವಿರಬೇಕೆಂದು ಕೇಳುವವನಿಗೆ ಅನಿಸುತ್ತದೆ. ಕೊನೆಯ ಎರಡು ವಾಕ್ಯಗಳು ಕೊಳ್ಳದವರಿಗಾಗಿ ಇರುವಂಥವು. ‘ನನಗೆ ಎರಡು’, ‘ನನಗೂ ಒಂದು’ ಎಂಬ ನಲವತ್ತು ಉತ್ತರಗಳು ಗುಂಪಿನಲ್ಲಿ ಸಾಲುಗಟ್ಟಿದರೆ ಮಾರುವವನಿಗೆ ಹಬ್ಬ, ಉಳಿದವರಿಗೆ ನಲವತ್ತು ಸಲ ಫೋನು ಗುಂಯ್‌ಗುಡುವ ಕಿರಿಕಿರಿ.

ಭಾಷೆಯ ವಿಷಯದಲ್ಲಿ ನಮ್ಮ ಊರಿಗೇ ವಿಶೇಷವಾದ ಎರಡು ತೊಡಕುಗಳಿವೆ. ಮುಂಬಯಿಯ ಕನ್ನಡ ಗುಂಪಿನಲ್ಲಿ ಕುಂದಾಪುರ, ಮಂಗಳೂರು, ಧಾರವಾಡ, ವಿಜಯಪುರ, ಮೈಸೂರು ಎಲ್ಲ ಕಡೆಯವರೂ ಇರುತ್ತಾರೆ. ಮೊದಲ ವರ್ಷ ನಾನು ಬರಿದೇ ‘ಮೆಣಸು’ ಎಂದು ಬರೆದಿದ್ದೆ. ಕರಾವಳಿಯವರಿಗೆ ಅದು ಮೆಣಸಿನಕಾಯಿ, ಮೈಸೂರಿನ ಕಡೆಯವರಿಗೆ ಕಾಳುಮೆಣಸು. ಕಾಳುಮೆಣಸಿನ ಹಪ್ಪಳವೆಂದು ಕೊಂಡ ಮೈಸೂರಿನ ಅಮ್ಮನೊಬ್ಬರು ಅದನ್ನು ನಯವಾಗಿ ಹಿಂದಿರುಗಿಸಿದರು. ಸಾರಿನ ಪುಡಿಯ ಮಾತಂತೂ ಹೇಳುವುದೇ ಬೇಡ. ಉಡುಪಿಯ ಸಾರಿನ ಪುಡಿಯನ್ನು ಧಾರವಾಡದ ಮನೆಗೆ ಕೊಡುವಾಗ ಮೊದಲು ಎರಡು ಚಮಚದ ಪೊಟ್ಟಣ ಕೊಟ್ಟು ನೋಡುವುದು ಲೇಸು. ಎರಡನೆಯ ತೊಡಕು ಲಿಪಿಯದ್ದು. ಇಲ್ಲಿ ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು, ಸೊಸೆಯಂದಿರು ಸೊಗಸಾಗಿ ಕನ್ನಡ ಮಾತನಾಡುತ್ತಾರೆ, ಆದರೆ ಓದಲಾರರು; ಮನೆಯ ಸಾಮಾನು ತರಿಸುವವರು ಈಗ ಅವರೇ. ಅವರಿಗಾಗಿ ಸಂದೇಶದ ಜೊತೆಗೆ ಅರ್ಧ ನಿಮಿಷದ ಧ್ವನಿ ಸಂದೇಶವನ್ನು ಸೇರಿಸಿ. ನಮ್ಮ ಮನೆಯಾಕೆಯ ಧ್ವನಿಯಲ್ಲಿ ಕಳುಹಿಸಿದ ಮೇಲೆ ಹೊಸ ತಲೆಮಾರಿನ ಆರೇಳು ಮನೆಗಳು ನಮ್ಮ ಪಟ್ಟಿಗೆ ಬಂದವು.

ಸಣ್ಣಪುಟ್ಟ ಸಂಗತಿಗಳೂ ಲೆಕ್ಕಕ್ಕೆ ಬರುತ್ತವೆ. ದರ ಮತ್ತು ವಿವರಗಳನ್ನು ಚಿತ್ರದೊಳಗೆ ಅಚ್ಚು ಮಾಡಿ ಹಾಕಬೇಡಿ. ತಿಂಗಳ ನಂತರ ಯಾರಾದರೂ ‘ಹಪ್ಪಳ’ ಎಂದು ಹುಡುಕಿದರೆ ಚಿತ್ರದೊಳಗಿನ ಅಕ್ಷರ ಸಿಗುತ್ತದೆಂಬ ಭರವಸೆಯಿಲ್ಲ. ಒಂದು ಗುಂಪಿನಿಂದ ಇನ್ನೊಂದಕ್ಕೆ ಫಾರ್ವರ್ಡ್ ಮಾಡುವ ಬದಲು ಹೊಸದಾಗಿ ಬರೆಯಿರಿ. ಫಾರ್ವರ್ಡ್ ಆದ ಸಂದೇಶದ ತಲೆಯ ಮೇಲೆ ವಾಟ್ಸಾಪ್ 2018ರಿಂದ ಒಂದು ಗುರುತು ಹಚ್ಚುತ್ತಿದೆ. ಸುಳ್ಳುಸುದ್ದಿಗಳ ಕಾಲದಲ್ಲಿ ಆ ಗುರುತು ಕಂಡೊಡನೆ ಜನ ಓದದೆ ಮುಂದೆ ಹೋಗುತ್ತಾರೆ. ಸರಕಿನ ಪಟ್ಟಿ ಉದ್ದವಿದ್ದರೆ ವಾಟ್ಸಾಪ್ ಬಿಸಿನೆಸ್ ಆ್ಯಪಿನ ಕ್ಯಾಟಲಾಗ್‌ನಲ್ಲಿ ಫೋಟೋ, ದರಗಳನ್ನು ಜೋಡಿಸಿಟ್ಟು ಗುಂಪಿನಲ್ಲಿ ಅದರ ಕೊಂಡಿಯೊಂದನ್ನು ಕೊಟ್ಟರೆ ಸಾಕು.

ಹೊಗಳಿಕೆ, ಔಷಧಿಯ ಮಾತು, ಕಾನೂನು

ಗುಂಪಿನಲ್ಲಿ ಒಬ್ಬ ಸದಸ್ಯ ‘ತುಂಬಾ ರುಚಿಯಾಗಿತ್ತು’ ಎಂದು ಬರೆಯುವ ಒಂದು ಸಾಲು ನಮ್ಮ ಹತ್ತು ಸಾಲಿಗಿಂತ ಬಲವಾದದ್ದು. ಅದಕ್ಕೇ ಅದನ್ನು ಹೊಂದಿಸಿ ತರುವ ಆಸೆ ಹುಟ್ಟುತ್ತದೆ. ನನ್ನ ಭಾವನವರು ಒಮ್ಮೆ ಪ್ರೀತಿಯಿಂದ ಹಾಗೆ ಬರೆದರು; ಅವರು ನನ್ನ ಭಾವನೆಂದು ಗುಂಪಿನ ಅರ್ಧ ಜನರಿಗೆ ಗೊತ್ತಿತ್ತು, ಉಳಿದರ್ಧ ಜನರಿಗೆ ಆ ಅರ್ಧ ಜನರು ಹೇಳಿದರು. ಬಿಟ್ಟಿಯಾಗಿ ಪಡೆದವರು, ನೆಂಟರು ಹೊಗಳುವುದಾದರೆ ಆ ಸಂಬಂಧವನ್ನೂ ಅದೇ ಸಾಲಿನಲ್ಲಿ ಹೇಳಬೇಕು. ಇದು ಬರಿಯ ಮರ್ಯಾದೆಯ ಮಾತಲ್ಲ. 1985ರಲ್ಲಿ ಸ್ಥಾಪನೆಯಾದ, ಮುಂಬಯಿಯಲ್ಲೇ ನೆಲೆಯಿರುವ ಭಾರತೀಯ ಜಾಹೀರಾತು ಮಾನದಂಡಗಳ ಮಂಡಳಿಯು ಸಾಮಾಜಿಕ ಮಾಧ್ಯಮದ ಪ್ರಭಾವಿಗಳು ಹಣ ಅಥವಾ ಉಡುಗೊರೆ ಪಡೆದು ಹೊಗಳಿದಾಗ ಅದನ್ನು ಜಾಹೀರಾತೆಂದು ಗುರುತಿಸಬೇಕೆಂದು 2021ರಲ್ಲಿ ಸೂತ್ರಗಳನ್ನು ಹೊರಡಿಸಿತು. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಗಳು ಬಂದವು; 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಅರವತ್ತು ಕಟ್ಟು ಹಪ್ಪಳ ಮಾರುವವನ ಬಾಗಿಲಿಗೆ ಪ್ರಾಧಿಕಾರ ಬರಲಾರದು, ನಿಜ; ಆದರೆ ಗುಂಪಿನ ನ್ಯಾಯಸ್ಥಾನ ಅದಕ್ಕಿಂತ ಬೇಗ ತೀರ್ಪು ಕೊಡುತ್ತದೆ.

ಹಲಸಿನಕಾಯಿ ಹಿಟ್ಟು ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ, ಮೆಂತ್ಯದ ಲೇಹ ಮಂಡಿನೋವನ್ನು ಕಳೆಯುತ್ತದೆ ಎಂಬ ಸಾಲುಗಳನ್ನು ಮಾತ್ರ ಎಂದೂ ಬರೆಯಬೇಡಿ. ಆಹಾರದ ಜಾಹೀರಾತಿನಲ್ಲಿ ರೋಗ ವಾಸಿಯಾಗುತ್ತದೆಂದು ಹೇಳಿಕೊಳ್ಳುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2018ರ ನಿಯಮಗಳು ನಿಷೇಧಿಸಿವೆ. ಕಾನೂನು ಒತ್ತಟ್ಟಿಗಿರಲಿ, ಗುಂಪಿನಲ್ಲಿರುವ ಎಪ್ಪತ್ತು ದಾಟಿದವರು ನಮ್ಮ ಮಾತು ನಂಬಿ ಮಾತ್ರೆ ಬಿಟ್ಟರೆ ಆ ಪಾಪ ಯಾರದು? ಮನೆಯಲ್ಲೇ ತಯಾರಿಸಿ ಮಾರುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಬಹುದು, ಸಿಗುವುದು 14 ಅಂಕಿಗಳ ಸಂಖ್ಯೆ. ಅದನ್ನು ಪೊಟ್ಟಣದ ಮೇಲೂ ಸಂದೇಶದಲ್ಲೂ ಹಾಕಿ. ಪೊಟ್ಟಣ ಕಟ್ಟಿ ಮಾರುವಾಗ ತಯಾರಿಸಿದವರ ಹೆಸರು ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು, ಗರಿಷ್ಠ ಮಾರಾಟ ಬೆಲೆ ಇವನ್ನು ಅಚ್ಚು ಮಾಡಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ.

ಹೊಗಳಿಕೆಯ ಜೊತೆಗೇ ಬರುವ ಇನ್ನೊಂದು ಪಿಡುಗು ಸರಪಣಿ ಮಾರಾಟದ್ದು. ಪೌಷ್ಟಿಕ ಪುಡಿ ಮಾರಲು ಬಂದವರು ಎರಡನೆಯ ವಾರದಲ್ಲಿ ಪುಡಿಯನ್ನು ಬಿಟ್ಟು ‘ನೀವೂ ಸೇರಿ, ನಾಲ್ಕು ಜನರನ್ನು ಸೇರಿಸಿ’ ಎನ್ನತೊಡಗುತ್ತಾರೆ. ಇಂಥ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಅಡ್ಮಿನ್ ಆಗಿ ನಾನು ಇವರನ್ನು ಎಚ್ಚರಿಕೆಯಿಲ್ಲದೆ ತೆಗೆಯುತ್ತೇನೆ.

ದೂರು ಬಂದಾಗ

ಎರಡು ವರ್ಷಗಳ ಹಿಂದೆ ಜೂನ್ ತಿಂಗಳ ಒಂದು ರಾತ್ರಿ ಹತ್ತೂಕಾಲಕ್ಕೆ, ಕಲ್ಯಾಣಿನ ಸದಸ್ಯೆಯೊಬ್ಬರು ಗುಂಪಿನಲ್ಲೇ ಫೋಟೋ ಹಾಕಿದರು. ತಟ್ಟೆಯಲ್ಲಿ ಎಣ್ಣೆ ಕುಡಿದು ಕಪ್ಪಾದ ನಾಲ್ಕು ಹಪ್ಪಳ; ಕೆಳಗೆ ‘ಈ ಸಲ ಹಪ್ಪಳ ಮೆತ್ತಗಾಗಿದೆ, ಅರಳುವುದೇ ಇಲ್ಲ. 560 ರೂಪಾಯಿ ನೀರಿಗೆ ಹಾಕಿದ ಹಾಗಾಯಿತು.’ ನನ್ನ ಬೆರಳು ಬರೆಯಹೊರಟದ್ದು, ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಭದ್ರವಾಗಿ ಹಾಕದಿದ್ದರೆ ಹಾಗಾಗುತ್ತದೆ ಎಂದು. ಅದು ನಿಜವೂ ಆಗಿರಬಹುದಿತ್ತು. ಆದರೆ ಆ ಕ್ಷಣದಲ್ಲಿ ಓದುತ್ತಿದ್ದವರು ಅವರೊಬ್ಬರಲ್ಲ, 260 ಜನ ನೋಡುಗರಿದ್ದರು. ಬರೆದುದನ್ನು ಅಳಿಸಿ ಹೀಗೆ ಹಾಕಿದೆ: ‘ಅಕ್ಕಾ, ತಪ್ಪಾಗಿದೆ. ನಾಳೆ ಬೆಳಗ್ಗೆ ಫೋನು ಮಾಡುತ್ತೇನೆ, ಕಟ್ಟು ಬದಲಿಸಿ ಕೊಡುತ್ತೇನೆ ಅಥವಾ ಹಣ ಮರಳಿಸುತ್ತೇನೆ. ಬೇರೆ ಯಾರಿಗಾದರೂ ಹೀಗಾಗಿದ್ದರೆ ದಯವಿಟ್ಟು ನನಗೆ ತಿಳಿಸಿ.’

ಬೆಳಗಾಗುವಷ್ಟರಲ್ಲಿ ಇನ್ನಿಬ್ಬರು ಪ್ರತ್ಯೇಕವಾಗಿ ಬರೆದಿದ್ದರು. ಅವರೂ ಸುಮ್ಮನಿದ್ದು ಮುಂದಿನ ವರ್ಷ ಕೊಳ್ಳದೆ ಉಳಿಯುತ್ತಿದ್ದವರೇ. ವಿಚಾರಿಸಿದಾಗ ಮೂವರ ಕಟ್ಟುಗಳೂ ಒಂದೇ ಚೀಲದವು ಎಂದು ತಿಳಿಯಿತು. ಮತ್ಸ್ಯಗಂಧಾದಲ್ಲಿ ಬಂದ ಮೂರು ಚೀಲಗಳಲ್ಲಿ ಒಂದನ್ನು ಠಾಣೆ ರೈಲು ನಿಲ್ದಾಣದಲ್ಲಿ ಇಳಿಸುವಾಗ ಮೊದಲ ಮಳೆ ಹೊಡೆದಿತ್ತು, ನಾನು ಹೊರಗಿನಿಂದ ಒರೆಸಿ ಸುಮ್ಮನಾಗಿದ್ದೆ. ಇದನ್ನು ಹಾಗೆಯೇ ಗುಂಪಿನಲ್ಲಿ ಎರಡು ಸಾಲಿನಲ್ಲಿ ಬರೆದೆ, ಆ ಚೀಲದ ಉಳಿದ ಕಟ್ಟುಗಳನ್ನು ಕೊಂಡವರಿಗೂ ಹಣ ಮರಳಿಸಿದೆ. ಕಲ್ಯಾಣಿನ ಅಕ್ಕ ‘ವಿಷಯ ಮುಗಿಯಿತು, ಧನ್ಯವಾದ’ ಎಂದು ಬರೆದರು. ಆಮೇಲೆ ಅವರು ನಮ್ಮಿಂದ ಹಪ್ಪಳ ಕೊಂಡಿಲ್ಲ. ಆದರೆ ಮರುವರ್ಷ ಮೊದಲ ಬಾರಿ ಕೊಂಡ ಮೂವರು, ಆ ಉತ್ತರವನ್ನು ಓದಿದ್ದೆವು ಎಂದು ತಾವಾಗಿಯೇ ಹೇಳಿದರು.

ಹಾಗಾಗಿ ದೂರು ಗುಂಪಿನಲ್ಲಿ ಬಂದರೆ ಮೊದಲ ಉತ್ತರ ಗುಂಪಿನಲ್ಲೇ ಇರಬೇಕು, ಚೌಕಾಸಿಯೆಲ್ಲ ಫೋನಿನಲ್ಲಿ ನಡೆಯಬೇಕು, ಮುಗಿದದ್ದು ಹೇಗೆಂಬುದು ಮತ್ತೆ ಗುಂಪಿಗೆ ಬರಬೇಕು. ದೂರನ್ನು ಅಳಿಸಲು ಅಡ್ಮಿನ್‌ನನ್ನು ಬೇಡಿಕೊಳ್ಳುವವರಿದ್ದಾರೆ. ನಾನೇ ಅಡ್ಮಿನ್ ಆಗಿದ್ದರಿಂದ ಆ ಅಧಿಕಾರ ನನ್ನ ಕೈಯಲ್ಲೇ ಇತ್ತು. ಅಂದು ಅಳಿಸಿದ್ದರೆ ಮರುದಿನ ಅದರ ಸ್ಕ್ರೀನ್‌ಶಾಟ್ ನಾಲ್ಕು ಗುಂಪುಗಳಲ್ಲಿ ಇರುತ್ತಿತ್ತು.

ನಮ್ಮವರ ರಿಯಾಯಿತಿ, ನಮ್ಮವರ ಪೈಪೋಟಿ

ಪರಿಚಿತರಲ್ಲಿ ಮಾರುವವನಿಗೆ ದರ ಹೇಳುವುದೇ ಮುಜುಗರ. ‘ನಮ್ಮವರೇ ಅಲ್ಲವೇ, ಸ್ವಲ್ಪ ನೋಡಿ ಹೇಳಿ’ ಎಂದು ಕೇಳುವವರು ಇದ್ದೇ ಇರುತ್ತಾರೆ. ಒಬ್ಬರಿಗೆ ಇಪ್ಪತ್ತು ರೂಪಾಯಿ ಬಿಟ್ಟರೆ ಅದು ಸಂಜೆಯೊಳಗೆ ಮೂವತ್ತು ಜನರಿಗೆ ತಿಳಿಯುತ್ತದೆ. ರಿಯಾಯಿತಿ ಕೊಡುವುದಿದ್ದರೆ ಗುಂಪಿನ ಎಲ್ಲರಿಗೂ, ಅದೇ ಸಂದೇಶದಲ್ಲಿ. ಊರಿನ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ತೂಗುಹಾಕುತ್ತಿದ್ದರು. ಯುಪಿಐ ಬಂದ ಮೇಲೆ ಆ ಹಲಗೆಯ ಕೆಲಸ ಹಗುರವಾಗಿದೆ. ಹಣ ಬಂದ ಮೇಲೆಯೇ ಕಟ್ಟಿಗೆ ಹೆಸರು ಬರೆಯುತ್ತೇನೆ, ನೆಂಟರಿಗೂ ಇದೇ ನಿಯಮ. ತಲುಪಿಸುವ ಹೊಣೆಯನ್ನೂ ಮಿತಿಗೊಳಿಸಿಕೊಳ್ಳಿ. ಡೊಂಬಿವಲಿಯಿಂದ ಬೊರಿವಲಿಗೆ 280 ರೂಪಾಯಿಯ ಕಟ್ಟು ಒಯ್ಯುವುದು ಸೇವೆಯಾಗುತ್ತದೆ, ವ್ಯಾಪಾರವಾಗುವುದಿಲ್ಲ. ನಾನು ಶನಿವಾರ ಮನೆಯಲ್ಲಿ, ಬುಧವಾರ ಕಚೇರಿಯಿಂದ ಬರುವಾಗ ಠಾಣೆ ನಿಲ್ದಾಣದಲ್ಲಿ ಕೊಡುತ್ತೇನೆ. ಬೇರೆಯವರು ತಮ್ಮ ಖರ್ಚಿನಲ್ಲಿ ಕೊರಿಯರ್ ತರಿಸಿಕೊಳ್ಳುತ್ತಾರೆ.

ಒಂದೇ ಗುಂಪಿನಲ್ಲಿ ಇಬ್ಬರು ಒಂದೇ ಸರಕು ಮಾರತೊಡಗಿದಾಗ ಹುಟ್ಟುವ ಬಿಸಿ ಇದೆಲ್ಲಕ್ಕಿಂತ ಕಷ್ಟದ್ದು. ನನಗಿಂತ 30 ರೂಪಾಯಿ ಕಡಿಮೆಗೆ ಹಪ್ಪಳ ಮಾರುವ ಇನ್ನೊಬ್ಬರು ಬಂದಾಗ ನಾನು ದರ ಇಳಿಸಲಿಲ್ಲ, ಅವರ ಹಪ್ಪಳದ ಬಗ್ಗೆ ಮಾತನಾಡಲಿಲ್ಲ. ಅಡ್ಮಿನ್‌ನ ಕುರ್ಚಿಯಲ್ಲಿದ್ದು ಅವರ ಸಂದೇಶಕ್ಕೆ ಕತ್ತರಿ ಹಾಕುವಂತೆಯೂ ಇರಲಿಲ್ಲ. ಅವರ ವಿಷಯದ ತೀರ್ಮಾನವನ್ನು ಉಳಿದಿಬ್ಬರು ಅಡ್ಮಿನ್‌ಗಳಿಗೆ ಬಿಟ್ಟುಕೊಟ್ಟೆ. ತಿಂಗಳ ಮೊದಲ ಶನಿವಾರ ಮಾತ್ರ ಮಾರಾಟದ ಸಂದೇಶ, ಒಬ್ಬರಿಗೆ ಒಂದು ಎಂಬ ನಿಯಮ ಆಗ ಬಂತು. ಅದು ನನಗೂ ಅನ್ವಯಿಸುವುದರಿಂದ ನನ್ನ ಬುಧವಾರದ ಎರಡನೆಯ ಸಂದೇಶಕ್ಕೆ ಈಗ ಅವಕಾಶವಿಲ್ಲ.

ಗುಂಪಿನಿಂದ ಹೊರಗೆ ಬರುವುದು

ಗುಂಪು ಮೊದಲ ಪರಿಚಯಕ್ಕೆ ಒಳ್ಳೆಯ ಜಾಗ, ವರ್ಷವಿಡೀ ಮಾರಲು ಅಲ್ಲ. ಒಮ್ಮೆ ಕೊಂಡವರನ್ನು ‘ಮುಂದಿನ ಸಲ ಬಂದಾಗ ನಿಮಗೆ ನೇರವಾಗಿ ತಿಳಿಸಲೇ’ ಎಂದು ಕೇಳಿ, ಹೂಂ ಎಂದವರನ್ನು ಮಾತ್ರ ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಗೆ, ಎಂದರೆ ಒಂದೇ ಸಂದೇಶ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೋಗುವ ಪಟ್ಟಿಗೆ, ಸೇರಿಸಿ. ಅದರಲ್ಲಿ 256 ಜನರನ್ನು ಇಡಬಹುದು. ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಇದನ್ನು ಕೊರತೆಯೆಂದು ಕೆಲವರು ದೂರುತ್ತಾರೆ, ನನಗೆ ಅದು ಒಳ್ಳೆಯ ಜರಡಿಯಂತೆ ಕಂಡಿದೆ. ಗುಂಪಿನ ಸದಸ್ಯರ ಪಟ್ಟಿಯಿಂದ ಸಂಖ್ಯೆಗಳನ್ನು ಎತ್ತಿಕೊಂಡು ಒಬ್ಬೊಬ್ಬರಿಗೂ ಜಾಹೀರಾತು ಕಳುಹಿಸುವುದು ಮಾತ್ರ ಬೇಡ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ವೈಯಕ್ತಿಕ ಮಾಹಿತಿಯನ್ನು ಬಳಸಬಾರದೆಂಬುದೇ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ಆಶಯ. ಹಾಗೆ ಬಂದ ಸಂದೇಶವನ್ನು ಹತ್ತು ಜನ ರಿಪೋರ್ಟ್ ಮಾಡಿದರೆ ನಿಮ್ಮ ಸಂಖ್ಯೆಯನ್ನೇ ವಾಟ್ಸಾಪ್ ನಿರ್ಬಂಧಿಸುವ ಸಂಭವವೂ ಇದೆ. ನನ್ನ ಪಟ್ಟಿಯಲ್ಲಿ ಈಗ 70 ಹೆಸರುಗಳಿವೆ. ಯಾರು ಎರಡನೆಯ ವರ್ಷವೂ ಕೊಂಡರು ಎಂಬುದೊಂದನ್ನೇ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತೇನೆ. ಹೆಬ್ಬೆರಳ ಚಿತ್ರಗಳನ್ನು ಎಣಿಸುವುದನ್ನು ಬಿಟ್ಟು ಬಹಳ ದಿನವಾಯಿತು.

ಕಟ್ಟುಗಳು ಮುಗಿದ ದಿನ ಗುಂಪಿನಲ್ಲಿ ಒಂದು ಸಾಲು ಬರೆದು ಹಳೆಯ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿರೆಂದು ಕೇಳಿಕೊಳ್ಳುವುದನ್ನು ಮರೆಯಬೇಡಿ. ಹೋದ ವರ್ಷ ನಾನು ಬರೆದದ್ದು: ‘ಹಪ್ಪಳ ಮುಗಿಯಿತು. ಹೇಳಿಟ್ಟಿದ್ದ ನಾಲ್ವರಿಗೆ ಕೊಡಲಾಗಲಿಲ್ಲ, ಅವರ ಹಣ ಮರಳಿಸಿದ್ದೇನೆ. ಇನ್ನು ಮುಂದಿನ ಏಪ್ರಿಲ್‌ವರೆಗೆ ಈ ವಿಷಯ ಇಲ್ಲಿ ಬರುವುದಿಲ್ಲ.’ ಆ ಸಾಲಿಗೆ, ಎಂದೂ ಹಪ್ಪಳ ಕೊಳ್ಳದ ನಿವೃತ್ತ ಮೇಷ್ಟ್ರೊಬ್ಬರು ಕೈಮುಗಿದ ಚಿತ್ರ ಹಾಕಿದರು.